ಡಾಕ್ಟರ್ ಹೇಳಿದ್ದನ್ನು ತಪ್ಪಿಲ್ಲದೆ ಟೈಪ್ ಮಾಡುವುದು ಹೇಗೆ?

ಊರು ಬಿಡದೆ ಮಾಡುವಂಥ ಕೆಲಸ ಏನಾದರೂ ಇದೆಯಾ ಎಂದು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಪದವೀಧರರು ಕೇಳುತ್ತಿರುತ್ತಾರೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಅಂಥದ್ದೊಂದು ಕೆಲಸ. ರೋಗಿಯನ್ನು ನೋಡಿದ ಡಾಕ್ಟರು ವಿವರವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಹೆಡ್‌ಫೋನಿನಲ್ಲಿ ಕೇಳಿ ರಿಪೋರ್ಟ್ ಟೈಪ್ ಮಾಡಬೇಕು. ಅಮೆರಿಕದ ಆಸ್ಪತ್ರೆಗಳ ಫೈಲುಗಳೇ ಇಲ್ಲಿಗೆ ಜಾಸ್ತಿ ಬರುವುದು.

ಟೈಪಿಂಗ್ ಸ್ಪೀಡ್ ಒಂದಿದ್ದರೆ ಸಾಕು ಅಂದುಕೊಳ್ಳಬೇಡಿ. ಸ್ಪೀಡ್ ಮಾಡುತ್ತಾ ಮಾಡುತ್ತಾ ಬರುತ್ತದೆ. ಸ್ಪೆಲಿಂಗ್ ಮತ್ತು ಗ್ರಾಮರ್ ಮಾತ್ರ ಮೊದಲೇ ಗಟ್ಟಿಯಾಗಿರಬೇಕು. ಏಕೆಂದರೆ ಮುಂದಿನ ಡಾಕ್ಟರಾಗಲಿ ನರ್ಸಾಗಲಿ ಆಡಿಯೊ ಕೇಳುವುದಿಲ್ಲ, ನೀವು ಬರೆದದ್ದನ್ನೇ ಓದಿ ಔಷಧ ಕೊಡುತ್ತಾರೆ. 2008ರಲ್ಲಿ ಅಲಬಾಮಾ ರಾಜ್ಯದಲ್ಲಿ ಒಬ್ಬ ರೋಗಿಗೆ 8 ಯೂನಿಟ್ ಇನ್ಸುಲಿನ್ ಬದಲು 80 ಯೂನಿಟ್ ಕೊಟ್ಟುಬಿಟ್ಟರು. ತಪ್ಪು ಬಿದ್ದದ್ದು ಭಾರತದಲ್ಲಿ ಟೈಪ್ ಆಗಿದ್ದ ಡಿಸ್ಚಾರ್ಜ್ ಕಾಗದದಲ್ಲಿ. ರೋಗಿ ಉಳಿಯಲಿಲ್ಲ. 2012ರಲ್ಲಿ ಅಲ್ಲಿನ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು.

ಮನೆಯಲ್ಲೇ ಶುರು ಮಾಡಿ

ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಮನೆಯ ಕಪಾಟಿನಲ್ಲಿರುವ ಡಿಸ್ಚಾರ್ಜ್ ಸಮ್ಮರಿ ತೆಗೆಯಿರಿ. ಮೆಗ್ಗಾನ್ ಆಸ್ಪತ್ರೆಯದ್ದೋ ಮಣಿಪಾಲದ್ದೋ ಒಂದಾದರೂ ಇದ್ದೇ ಇರುತ್ತದೆ ಅಲ್ವಾ? ರೋಗಿಯ ದೂರು, ಹಿಂದಿನ ಕಾಯಿಲೆ, ಪರೀಕ್ಷೆ, ಔಷಧ ಎಂಬ ಕ್ರಮ ಗಮನಿಸಿ. ಗೊತ್ತಿಲ್ಲದ ಪ್ರತಿ ಪದವನ್ನೂ ಸ್ಟೆಡ್‌ಮನ್ಸ್ ಅಥವಾ ಡಾರ್ಲೆಂಡ್ಸ್ ವೈದ್ಯಕೀಯ ನಿಘಂಟಿನಲ್ಲಿ ಹುಡುಕಿ. ನಮ್ಮ ಸೊರಬದ ಕ್ಯಾಸನೂರಿನ ಹೆಸರೂ ಅಲ್ಲಿ ಸಿಗುತ್ತದೆ, 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದಾಗಿ.

ಒಂದೇ ಥರ ಕೇಳಿಸುವ ಪದಗಳು

ಇದು ಈ ಕೆಲಸದ ಅತಿ ಕಷ್ಟದ ಭಾಗ. ಇದಕ್ಕೆ ಹೆಚ್ಚು ಸಮಯ ಕೊಡಿ. 'ಇಲಿಯಂ' ಎಂದು ಕೇಳಿಸಿತು ಅನ್ನಿ. ಐ-ಎಲ್-ಇ-ಯು-ಎಂ ಎಂದು ಬರೆದರೆ ಸಣ್ಣ ಕರುಳಿನ ಕೊನೆಯ ಭಾಗ. ಐ-ಎಲ್-ಐ-ಯು-ಎಂ ಎಂದು ಬರೆದರೆ ಸೊಂಟದ ಮೂಳೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್ ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ. ಡಿಸ್ಫೇಜಿಯ ಅಂದರೆ ನುಂಗಲು ಕಷ್ಟ, ಡಿಸ್ಫೇಸಿಯ ಅಂದರೆ ಮಾತಿಗೆ ಕಷ್ಟ. ಹೈಪರ್ ಮತ್ತು ಹೈಪೊ ಅದಲುಬದಲಾದರೆ ಬಿಪಿ ಜಾಸ್ತಿ ಇರುವವರು ಬಿಪಿ ಕಡಿಮೆಯವರಾಗುತ್ತಾರೆ. ಔಷಧದ ಹೆಸರುಗಳೂ ಹಾಗೆಯೇ. ಸೆಲೆಬ್ರೆಕ್ಸ್ ಕೀಲು ನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಫಿಟ್ಸ್‌ಗೆ.

ಇಲ್ಲಿ ಕಿವಿಯನ್ನಷ್ಟೇ ನಂಬಬೇಡಿ. ರಿಪೋರ್ಟಿನ ಹಿಂದುಮುಂದು ಓದಿ. ಹೊಟ್ಟೆಯ ಆಪರೇಷನ್ ನಡುವೆ ಸೊಂಟದ ಮೂಳೆ ಬಂದರೆ ನಿಲ್ಲಿಸಿ, ಮತ್ತೆ ಕೇಳಿ. ಆಗಲೂ ತಿಳಿಯದಿದ್ದರೆ ಆ ಜಾಗ ಖಾಲಿ ಬಿಟ್ಟು, ಆಡಿಯೊದ ಸಮಯ ಬರೆದು, ಫ್ಲ್ಯಾಗ್ ಮಾಡಿ, ಅಂದರೆ ಕಣ್ಣಿಗೆ ಬೀಳುವಂತೆ ಗುರುತು ಹಾಕಿ. ಖಾಲಿ ಬಿಟ್ಟ ಜಾಗವನ್ನು ಡಾಕ್ಟರು ತುಂಬುತ್ತಾರೆ. ಊಹೆ ಮಾಡಿ ತುಂಬಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಕಿಗಳು

ಫಿಫ್ಟೀನ್, ಫಿಫ್ಟಿ ಎರಡನ್ನೂ ನಿಧಾನ ಮಾಡಿ ಕೇಳಿ. ಅರ್ಧ ಮಿಲಿಗ್ರಾಂ ಇದ್ದರೆ 0.5 ಎಂದೇ ಬರೆಯಿರಿ. ಮುಂದಿನ ಸೊನ್ನೆ ಬಿಟ್ಟರೆ ಚುಕ್ಕೆ ಕಾಣದೆ 5 ಆಗಬಹುದು. 5 ಇದ್ದಲ್ಲಿ 5.0 ಬರೆದರೆ ಯಾರೋ 50 ಎಂದು ಓದಬಹುದು. ಯೂನಿಟ್ ಎನ್ನಲು ಬರೀ ಯು ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಾಣುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಇಂಥವನ್ನೆಲ್ಲ 2004ರಲ್ಲೇ ಬಳಸಬಾರದ ಬರಹಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿಯನ್ನು ಕಂಪ್ಯೂಟರ್ ಪಕ್ಕ ಅಂಟಿಸಿಕೊಳ್ಳಿ.

ಗ್ರಾಮರ್ ಅಲಂಕಾರಕ್ಕಲ್ಲ

'ನೋ ಫೀವರ್' ಆದಮೇಲೆ ಫುಲ್‌ಸ್ಟಾಪ್ ಇಟ್ಟು 'ಕಫ್ ಫಾರ್ ತ್ರೀ ಡೇಸ್' ಎಂದರೆ ಜ್ವರ ಇಲ್ಲ, ಮೂರು ದಿನದಿಂದ ಕೆಮ್ಮಿದೆ. ಅದೇ ಜಾಗದಲ್ಲಿ ಕಾಮಾ ಹಾಕಿ ಮುಂದುವರಿಸಿದರೆ ಕೆಮ್ಮೂ ಇಲ್ಲ ಎಂದು ಓದಬಹುದು. 'ಟೇಕ್ಸ್ ಆಸ್ಪಿರಿನ್' ಅಂದರೆ ಈಗಲೂ ತಗೊಳ್ಳುತ್ತಿದ್ದಾರೆ, 'ಟುಕ್' ಅಂದರೆ ಹಿಂದೆ ತಗೊಂಡಿದ್ದರು. ಆಸ್ಪಿರಿನ್ನಿಂದ ರಕ್ತಸ್ರಾವ ಜಾಸ್ತಿಯಾಗಬಹುದು. ಹಾಗಾಗಿ ಆಪರೇಷನ್ ಮಾಡುವವರಿಗೆ ಈ ಕಾಲಭೇದ ತಿಳಿಯಲೇಬೇಕು. 'ನಾಟ್ ಟೇಕಿಂಗ್' ಬರೆಯುವಲ್ಲಿ ಕೊನೆಯ ಅಕ್ಷರ ತಪ್ಪಿ 'ನೌ ಟೇಕಿಂಗ್' ಆದರೆ ಅರ್ಥವೇ ಉಲ್ಟಾ.

ಈಗ ಎಷ್ಟೋ ಕಡೆ ಸಾಫ್ಟ್‌ವೇರೇ ಮೊದಲ ಕರಡು ಬರೆಯುತ್ತದೆ, ನಾವು ತಿದ್ದಬೇಕು. ಅದರ ಸ್ಪೆಲಿಂಗ್ ಸರಿ ಇರುತ್ತದೆ, ಪದವೇ ತಪ್ಪಿರುತ್ತದೆ. ಹಾಗಾಗಿ ಭಾಷೆ ಗೊತ್ತಿರುವವರ ಅಗತ್ಯ ಹೆಚ್ಚೇ ಆಗಿದೆ ಎನ್ನುವುದು ನನ್ನ ಅಭಿಪ್ರಾಯ. ಕನ್ನಡ ಮಾಧ್ಯಮದವರು ಹಿಂಜರಿಯಬೇಕಿಲ್ಲ. ಒಂದೊಂದೇ ಅಕ್ಷರ ಹೇಳಿಕೊಂಡು ಸ್ಪೆಲಿಂಗ್ ಕಲಿತ ಅಭ್ಯಾಸ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಹೈಸ್ಕೂಲಿನ ಗ್ರಾಮರ್ ಪುಸ್ತಕದಲ್ಲಿ ಕಾಲ, ಕಾಮಾ, ಫುಲ್‌ಸ್ಟಾಪ್ ಪಾಠ ಮತ್ತೊಮ್ಮೆ ಓದಿ.

ಕಳಿಸುವ ಮುನ್ನ

ಆಡಿಯೊ ಹಾಕಿಕೊಂಡೇ ರಿಪೋರ್ಟನ್ನು ಮೊದಲಿಂದ ಓದಿ. ಎಡ, ಬಲ, ಅಂಕಿ, ಔಷಧ ಈ ನಾಲ್ಕನ್ನು ಬೇರೆಯಾಗಿ ಇನ್ನೊಮ್ಮೆ ನೋಡಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಕೇಳಬೇಡಿ, ಆ ಸದ್ದಿನಲ್ಲಿ 'ನೋ' ಎಂಬ ಸಣ್ಣ ಪದ ಸುಮ್ನೆ ಕಳೆದುಹೋಗುತ್ತದೆ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಬೇಕೇ ಬೇಕು. ರೋಗಿಯ ಹೆಸರು, ಕಾಯಿಲೆಯ ಮಾತು ಮನೆಯವರ ಕಿವಿಗೂ ಬೀಳಬಾರದು. ಹಿಪಾ ಎಂಬ ಅಮೆರಿಕದ 1996ರ ಕಾನೂನಿನಡಿ ಈ ಗುಟ್ಟು ಕಾಪಾಡಲೇಬೇಕು. ಪರಿಶೀಲಕರು ತಿದ್ದಿ ವಾಪಸ್ ಕಳಿಸಿದ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮುಂದಿನ ಫೈಲ್ ತೆರೆಯುವ ಮೊದಲು ಒಮ್ಮೆ ಕಣ್ಣಾಡಿಸಿ.