ತೋಳಿನ ನರಕ್ಕೆ ಕಸಿ: ಹೊಲಿಯುವುದಕ್ಕಿಂತ ಕತ್ತರಿಸುವುದೇ ಕಷ್ಟ

ನರದ ಕಸಿ (ಕೆಟ್ಟ ನರದ ಜಾಗಕ್ಕೆ ಬೇರೆ ನರದ ತುಂಡು ಜೋಡಿಸುವುದು) ಅಂದರೆ ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಯುವುದು ಅಂತಲೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಹೊಲಿಗೆ ಅಭ್ಯಾಸದಿಂದ ಬರುತ್ತದೆ. ನನಗೆ ಇವತ್ತಿಗೂ ಕೈ ತಡೆಯುವುದು ಅದಕ್ಕೂ ಮುಂಚೆ, ಕೆಟ್ಟ ನರವನ್ನು ಎಲ್ಲಿಯವರೆಗೆ ಕತ್ತರಿಸಬೇಕು ಅನ್ನುವಲ್ಲಿ.

ಒಂದು ಕೇಸ್ ಹೇಳುತ್ತೇನೆ. ಬೈಕ್ ಅಪಘಾತದಲ್ಲಿ ತೋಳಿನ ಮೂಳೆ ಮುರಿದಿತ್ತು. ಮಣಿಕಟ್ಟು, ಬೆರಳುಗಳನ್ನು ಮೇಲೆತ್ತಿಸುವ ರೇಡಿಯಲ್ ನರ ಆ ಮೂಳೆಯನ್ನು ಒತ್ತಿಕೊಂಡೇ ಸುತ್ತಿ ಹೋಗುತ್ತದೆ, ಹಾಗಾಗಿ ಅದಕ್ಕೂ ಏಟು. ಮಣಿಕಟ್ಟು ಜೋತು ಬಿದ್ದಿತ್ತು. ಚರ್ಮ ಹರಿಯದ ಇಂಥ ಮುರಿತದಲ್ಲಿ ಹೆಚ್ಚಿನವರ ನರ ತಾನಾಗಿಯೇ ಸರಿಹೋಗುತ್ತದೆ, ಅದಕ್ಕೇ ಕಾಯುತ್ತೇವೆ. (ಚಾಕು, ಗಾಜು ಕೊಯ್ದದ್ದಾದರೆ ಕಾಯುವ ಮಾತೇ ಇಲ್ಲ, ಬೇಗ ತೆರೆದು ನೋಡಬೇಕು.) ಮೂರು-ನಾಲ್ಕು ತಿಂಗಳಾದರೂ ಚಲನೆ ಇಲ್ಲ, ಇಎಂಜಿಯಲ್ಲೂ (ಸ್ನಾಯುವಿನ ವಿದ್ಯುತ್ ಸಂಕೇತ ನೋಡುವ ಪರೀಕ್ಷೆ) ಚೇತರಿಕೆಯ ಸುಳಿವಿಲ್ಲ ಅಂದಮೇಲೆ ಸುಮ್ನೆ ಕೂರುವ ಹಾಗಿಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ. ನರದ ಸಂಪರ್ಕ ತಪ್ಪಿದ ಸ್ನಾಯು 12ರಿಂದ 18 ತಿಂಗಳಲ್ಲಿ ಮತ್ತೆ ಕೆಲಸಕ್ಕೆ ಬಾರದಂತಾಗುತ್ತದೆ.

ತೆರೆದಾಗ ನರ ತುಂಡಾಗಿರಲಿಲ್ಲ. ನಡುವೆ ಒಂದು ಗಟ್ಟಿ ಗಂಟು ಕಟ್ಟಿತ್ತು. ಇದೇ ಇಕ್ಕಟ್ಟು. ಗಂಟನ್ನು ದಾಟಿ ಕೆಲವು ಎಳೆಗಳಾದರೂ ಬೆಳೆಯುತ್ತಿದ್ದರೆ, ಕತ್ತರಿಸಿ ಅದನ್ನೂ ಕಳೆದ ಹಾಗಾಗುತ್ತದೆ. ಸ್ನಾಯು ಸಡಿಲಿಸುವ ಔಷಧಿ ಬೇಡ ಅಂತ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿರುತ್ತೇನೆ, ಕೊಟ್ಟರೆ ನರ ಚೆನ್ನಾಗಿದ್ದರೂ ಸ್ನಾಯು ಮಿಸುಕುವುದಿಲ್ಲ. ಗಂಟಿನ ಮೇಲ್ಗಡೆ ಕರೆಂಟ್ ಕೊಟ್ಟೆ. ಕೆಳಗಿನ ಸ್ನಾಯು ಮಿಸುಕಲಿಲ್ಲ. ಗಂಟಿನಾಚೆ ನರದಲ್ಲೂ ಸಂಕೇತ ಸಿಗಲಿಲ್ಲ. ಸರಿ, ಕತ್ತರಿಸಲೇಬೇಕು.

ಒಂದೊಂದೇ ತೆಳು ಬಿಲ್ಲೆಯಾಗಿ ಕತ್ತರಿಸುತ್ತಾ ಹೋಗಬೇಕು. ಬಿಳಿಚಿಕೊಂಡು ಗಟ್ಟಿಯಾಗಿ ಕಂಡರೆ ಅದು ಗಾಯದ ಕಲೆ, ಇನ್ನೂ ಮುಂದೆ ಹೋಗಬೇಕು. ಮೆತ್ತಗಿನ ಎಳೆಗಂತೆಗಳು ಅಣಬೆಯ ಹಾಗೆ ಹೊರಗೆ ಉಬ್ಬಿ ಬಂದು, ಚುಕ್ಕಿ ಚುಕ್ಕಿಯಾಗಿ ರಕ್ತ ಜಿನುಗಿದರೆ ಅಲ್ಲಿ ನಿಲ್ಲಬಹುದು. ಪ್ರತಿ ಬಿಲ್ಲೆಗೂ ಅಂತರ ದೊಡ್ಡದಾಗುತ್ತದೆ, 'ಇಷ್ಟು ಸಾಕು' ಅಂತ ಮನಸ್ಸು ಹೇಳುತ್ತದೆ. ಅಲ್ಲೇ ನಿಲ್ಲಿಸಿದರೆ ಆಮೇಲಿನ ಹೊಲಿಗೆ ಎಷ್ಟು ಚೆಂದವಾಗಿದ್ದರೂ ವ್ಯರ್ಥ. ಕೊನೆಗೆ 6 ಸೆಂ.ಮೀ. ಅಂತರ ಉಳಿಯಿತು.

ಇಷ್ಟು ಅಂತರವನ್ನು ಎಳೆದು ಕೂಡಿಸುವ ಆಸೆ ಬೇಡ. ಬಿಗಿಯಾಗಿ ಎಳೆದ ಜೋಡಣೆಗಿಂತ ಸಡಿಲವಾದ ಕಸಿಯೇ ಮೇಲು ಅಂತ 1970ರ ದಶಕದಲ್ಲಿ ವಿಯೆನ್ನಾದ ಸರ್ಜನ್ ಹಾನೋ ಮಿಲೇಸಿ ತೋರಿಸಿಕೊಟ್ಟಿದ್ದಾರೆ.

ಕಸಿಗೆ ಕಾಲಿನ ಸುರಲ್ ನರ ತೆಗೆದೆ. ಪಾದದ ಹೊರಗಂಟಿನ ಹಿಂದೆ, ಒಂದು ಸಣ್ಣ ರಕ್ತನಾಳದ ಪಕ್ಕದಲ್ಲೇ ಅದು ಸಿಗುತ್ತದೆ. ತೆಗೆದ ಮೇಲೆ ಪಾದದ ಹೊರ ಅಂಚು ಮರಗಟ್ಟುತ್ತದೆ. ನಡಿಗೆಗೆ ತೊಂದರೆಯಿಲ್ಲ, ಆದರೆ ಮೊದಲೇ ಹೇಳದಿದ್ದರೆ ರೋಗಿ ಬೇಜಾರಾಗುವುದು ಕೈಗಿಂತ ಕಾಲಿನ ಬಗ್ಗೆ! ಸುರಲ್ ತೆಳ್ಳಗೆ, ರೇಡಿಯಲ್ ದಪ್ಪ. ಅದಕ್ಕೇ 7 ಸೆಂ.ಮೀ.ನ ನಾಲ್ಕು ತುಂಡುಗಳನ್ನು ಪಕ್ಕಪಕ್ಕ ಇಟ್ಟೆ. ಮೊಣಕೈ, ಭುಜ ಆಡಿಸಿದರೂ ಬಿಗಿಯಾಗಬಾರದು, ಅದಕ್ಕೆ ಆ ಹೆಚ್ಚುವರಿ ಉದ್ದ. ತುಂಡುಗಳನ್ನು ತಲೆಕೆಳಗು ಮಾಡಿ ಇಡುತ್ತೇನೆ, ಬೆಳೆಯುವ ಎಳೆಗಳು ಕವಲುಗಳಲ್ಲಿ ದಾರಿ ತಪ್ಪಬಾರದಲ್ವಾ? ಪ್ರತಿ ತುದಿಗೆ ಒಂದೆರಡು ಹೊಲಿಗೆ, ಉಳಿದದ್ದಕ್ಕೆ ಫೈಬ್ರಿನ್ ಗ್ಲೂ ಅನ್ನುವ ಅಂಟು. ಹೊಲಿಗೆ ಜಾಸ್ತಿಯಾದರೆ ಕಲೆಯೂ ಜಾಸ್ತಿ. ಕಸಿಗೆ ತನ್ನದೇ ರಕ್ತ ಪೂರೈಕೆ ಇರುವುದಿಲ್ಲ, ಸುತ್ತಲಿನಿಂದಲೇ ಪಡೆಯಬೇಕು. ಹಾಗಾಗಿ ಮುರಿದ ಮೂಳೆಗೆ ಹಾಕಿದ್ದ ಲೋಹದ ಪ್ಲೇಟಿನ ಮೇಲಲ್ಲ, ಮೆತ್ತಗಿನ ಸ್ನಾಯುವಿನ ಮೇಲೆ ಮಲಗಿಸಿದೆ.

ಮೂರು ವಾರ ಸ್ಪ್ಲಿಂಟ್, ಆಮೇಲೆ ಫಿಸಿಯೋಥೆರಪಿ. "ಡಾಕ್ಟ್ರೇ, ಯಾವಾಗ ಏಳುತ್ತೆ ಕೈ?" ಅಂತ ಪ್ರತಿ ಸಲ ಕೇಳುತ್ತಿದ್ದರು. ನರದ ದಾರಿಯಲ್ಲಿ ಬೆರಳಿಂದ ತಟ್ಟಿ, ಜುಮ್ಮೆನ್ನುವ ಜಾಗ (ಅಲ್ಲಿಯವರೆಗೆ ಎಳೆಗಳು ಬೆಳೆದಿವೆ ಅಂತ ಅರ್ಥ) ಕೆಳಗಿಳಿಯುತ್ತಿದೆಯಾ ಅಂತ ನೋಡುವುದಷ್ಟೇ ಆಗ ನನ್ನ ಕೈಲಿ ಇದ್ದದ್ದು. ತಿಂಗಳುಗಳ ನಂತರ ಮೊದಲು ಮಣಿಕಟ್ಟು ಎದ್ದಿತು, ನಿಧಾನಕ್ಕೆ ಬೆರಳುಗಳು ಬಿಚ್ಚಿಕೊಂಡವು. ಹೆಬ್ಬೆರಳು ಮಾತ್ರ ಬರಲಿಲ್ಲ. ಅದರ ಸರದಿ ಬರುವುದೇ ಕೊನೆಗೆ. ಆಮೇಲೆ ಮುಂಗೈಯ ಪಾಲ್ಮಾರಿಸ್ ಲಾಂಗಸ್ ಸ್ನಾಯುವಿನ ಟೆಂಡನ್ (ಸ್ನಾಯುರಜ್ಜು) ಅನ್ನು ಹೆಬ್ಬೆರಳಿಗೆ ತಿರುಗಿಸಿ ಜೋಡಿಸಿದೆ.