ಹಳೆಯ ಕ್ರಯಪತ್ರಗಳಿಂದ ಆರಂಭವಾದ ಸಮಾಧಾನ ಸೇವೆ

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಅವರ ಕೊರಳ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮೊಣಕಾಲೂರಿ ಅವರನ್ನು ಕೊಂದಾಗ, ನಾನು ಅದೇ ನಗರದಲ್ಲಿ, ಬಿಳಿಯರೇ ಹೆಚ್ಚಾಗಿರುವ ಒಂದು ಕ್ರೈಸ್ತ ಸಭೆಯ ಸಹಾಯಕ ಪಾಸ್ಟರ್ ಆಗಿದ್ದೆ. ಕೆಲವೇ ದಿನಗಳಲ್ಲಿ, ಆ ಸಾವಿನ ನಂತರದ ಗಲಭೆಯಲ್ಲಿ, ನಗರದ ಲೇಕ್ ಸ್ಟ್ರೀಟಿನ ಎಷ್ಟೋ ಅಂಗಡಿಗಳು ಸುಟ್ಟುಹೋದವು. ದಿನಸಿ ಸಿಗದ ಕುಟುಂಬಗಳಿಗೆ ಅಕ್ಕಿ, ಹಾಲು ಹಂಚಿದೆವು. ಆ ಕೆಲಸ ನಮಗೆ ರೂಢಿಯಿತ್ತು.

ಜೂನ್ ತಿಂಗಳಲ್ಲಿ, ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಪಂಗಡಕ್ಕೆ ಸೇರಿದ ಕಪ್ಪು ಜನರ ಸಭೆಯೊಂದರ ಹಿರಿಯ ಪಾಸ್ಟರರಿಗೆ ಫೋನ್ ಮಾಡಿ, ಎರಡೂ ಸಭೆಗಳು ಸೇರಿ ಐಕ್ಯದ ಪ್ರಾರ್ಥನೆ ನಡೆಸೋಣವೇ ಎಂದು ಕೇಳಿದೆ. ಅವರು ಶಾಂತವಾಗಿ, "ಪಾಸ್ಟರ್, ನಿಮ್ಮವರು ಯಾವ ತಪ್ಪಿಗಾಗಿ ಪ್ರಾರ್ಥಿಸುತ್ತಾರೆ ಎಂಬುದು ಅವರಿಗೆ ತಿಳಿದಿದೆಯೇ?" ಎಂದರು. ಫಿಲಡೆಲ್ಫಿಯಾದ ಬಿಳಿಯರ ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದ ಕಪ್ಪು ಜನರನ್ನು ಮಂಡಿಯೂರಿದ್ದಲ್ಲಿಂದಲೇ ಎಬ್ಬಿಸಿದ ಅವಮಾನದ ನೆನಪಿನಲ್ಲಿ ಬೆಳೆದು, ರಿಚರ್ಡ್ ಅಲೆನ್ ಅವರ ನಾಯಕತ್ವದಲ್ಲಿ 1816ರಲ್ಲಿ ರೂಪುಗೊಂಡ ಪಂಗಡ ಅವರದು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಯವನ್ನು ನೋಡದೆಯೇ ಬಟ್ಟೆ ಸುತ್ತಲು ಹೊರಟಿದ್ದೆ.

ಉತ್ತರ ಹುಡುಕಲು ನಾವು ಆರಿಸಿಕೊಂಡದ್ದು ನಮ್ಮ ಮನೆಗಳ ಹಳೆಯ ಕ್ರಯಪತ್ರಗಳನ್ನು. ಈ ನಗರದಲ್ಲಿ 1910ರಿಂದ ಸಾವಿರಾರು ಕ್ರಯಪತ್ರಗಳಲ್ಲಿ, ಈ ಮನೆಯನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬಂಥ ಷರತ್ತುಗಳನ್ನು ಬರೆಯಲಾಗಿತ್ತು. ಹೊಸದಾಗಿ ಹಾಗೆ ಬರೆಯುವುದನ್ನು ಮಿನೆಸೋಟ ರಾಜ್ಯ 1953ರಲ್ಲಿ ನಿಷೇಧಿಸಿದರೂ ಹಳೆಯವು ದಾಖಲೆಗಳಲ್ಲಿ ಹಾಗೆಯೇ ಉಳಿದವು. ಮಿನೆಸೋಟ ವಿಶ್ವವಿದ್ಯಾಲಯದ ಮ್ಯಾಪಿಂಗ್ ಪ್ರೆಜುಡಿಸ್ ಯೋಜನೆ ಇವನ್ನು ನಕ್ಷೆಯ ಮೇಲೆ ಗುರುತಿಸಿತ್ತು. ಇಂಗ್ಲಿಷಿನಲ್ಲಿ ಇಂಥ ಷರತ್ತಿಗೂ, ನಮ್ಮ ಕನ್ನಡ ಬೈಬಲಿನಲ್ಲಿ ಒಡಂಬಡಿಕೆ ಎಂದು ಓದುವುದಕ್ಕೂ ಇರುವ ಹೆಸರು 'ಕವೆನೆಂಟ್' ಎಂಬ ಒಂದೇ ಪದ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಪ್ರತಿ ಗುರುವಾರ ಸಂಜೆ ಜೂಮಿನಲ್ಲಿ ಸೇರಿ, ಒಬ್ಬೊಬ್ಬರೂ ತಮ್ಮ ಮನೆಯ ಪತ್ರವನ್ನು ಗಟ್ಟಿಯಾಗಿ ಓದಿದರು. ಕಪ್ಪು ಜನರನ್ನು ಕರೆಸಿ ಅವರ ನೋವನ್ನು ವಿವರಿಸಲು ಕೇಳಬಾರದು ಎಂಬ ನಿಯಮವನ್ನು ನಾನೇ ಇಟ್ಟೆ. ಓದಿ ತಿಳಿಯುವ ಹೊರೆ ನಮ್ಮದಾಗಬೇಕಿತ್ತು. ಹಿರಿಯರೊಬ್ಬರು, "ಇದನ್ನು ನಾವು ಬರೆದದ್ದಲ್ಲವಲ್ಲ" ಎಂದು ಸಿಟ್ಟಾದರು. ಬೈಬಲಿನ ನೆಹೆಮೀಯ ಗ್ರಂಥದಲ್ಲಿ ನೆಹೆಮೀಯನು ತನ್ನ ಪಿತೃಗಳ ಪಾಪವನ್ನೂ ತನ್ನದೆಂದು ಅರಿಕೆ ಮಾಡುವ ಮೊದಲನೆಯ ಅಧ್ಯಾಯವನ್ನು ಅವರೊಂದಿಗೆ ಮೂರು ವಾರ ಓದಿದೆ. ಅವರು ಒಪ್ಪಲಿಲ್ಲ, ಆದರೆ ಸಭೆ ಬಿಡಲೂ ಇಲ್ಲ. ಎರಡು ಕುಟುಂಬಗಳು ಬಿಟ್ಟವು.

ನನ್ನ ಮನೆಯ ಪತ್ರದಲ್ಲಿ ಏಷ್ಯಾದವರಿಗೂ ಪ್ರವೇಶವಿರಲಿಲ್ಲ. ಧಾರವಾಡದಿಂದ ಬಂದ ನಾನು, ಈ ಜಗಳ ಬಿಳಿಯರದು ಮತ್ತು ಕಪ್ಪು ಜನರದು ಎಂದುಕೊಂಡಿದ್ದೆ. ಭಾರತೀಯರಿಗೆ ಈ ದೇಶದ ಬಾಗಿಲನ್ನು ದೊಡ್ಡದಾಗಿ ತೆರೆದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಸಿದ್ಧಪಡಿಸಿದ ನೆಲದ ಮೇಲೆ. ಈ ಋಣವನ್ನು ನಾನು ಪೀಠದಿಂದ ಹೇಳಿದ್ದು ಅದೇ ಮೊದಲು.

2019ರ ರಾಜ್ಯ ಕಾನೂನಿನಂತೆ ಹಲವರು ತಮ್ಮ ಪತ್ರದ ಆ ಷರತ್ತನ್ನು ಅಧಿಕೃತವಾಗಿ ತ್ಯಜಿಸಿದರು. ಓದಿ ಕಂಡುಕೊಂಡದ್ದನ್ನೆಲ್ಲ ಬರೆದು ಆ ಹಿರಿಯ ಪಾಸ್ಟರರಿಗೆ ಕಳುಹಿಸಿದೆವು, ಏನನ್ನೂ ಬೇಡಲಿಲ್ಲ. 2021ರ ಏಪ್ರಿಲ್ 20ರಂದು, ಫ್ಲಾಯ್ಡ್ ಅವರನ್ನು ಕೊಂದ ಅಧಿಕಾರಿ ಡೆರೆಕ್ ಶಾವಿನ್ ಅಪರಾಧಿ ಎಂದು ತೀರ್ಪು ಬಂದ ಸಂಜೆ ಅವರೇ ಫೋನ್ ಮಾಡಿ, ತಮ್ಮ ಚರ್ಚಿನ ಅಂಗಳದಲ್ಲಿ ಪ್ರಾರ್ಥನೆ ಇದೆ, ಭಾಷಣ ಬೇಡ, ಕುರ್ಚಿಗಳನ್ನು ತನ್ನಿ ಎಂದರು. ನಲವತ್ತು ಕುರ್ಚಿಗಳನ್ನು ಕೊಂಡೊಯ್ದು ಹಾಕಿ, ನಾವು ಹಿಂದೆ ನಿಂತೆವು.