ಎರಡೂ ದಾರಿ ಒಂದೇ ಥರ ಇತ್ತು

ಬಿ.ಎ. ಮೊದಲ ವರ್ಷದಲ್ಲಿ ಇಂಗ್ಲಿಷ್ ಅಸೈನ್‌ಮೆಂಟ್‌ಗೆ ನನ್ನ ಪಾಲಿಗೆ ಬಂದಿದ್ದು ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಬರೆದ ‘ದಿ ರೋಡ್ ನಾಟ್ ಟೇಕನ್’. ಇಪ್ಪತ್ತೇ ಸಾಲಿನ ಪದ್ಯ. ಕಾಡಿನಲ್ಲಿ ದಾರಿ ಎರಡಾಗುವ ಕಡೆ ನಿಂತವನೊಬ್ಬ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾನೆ, ಅವನೇ ಅದನ್ನು ಹೇಳುತ್ತಾನೆ. ಸಾರಾಂಶ ಬೇಡ, ವಿಶ್ಲೇಷಣೆ ಬೇಕು ಅಂದಿದ್ದರು ಮೇಡಂ. ಎರಡಕ್ಕೂ ಏನು ವ್ಯತ್ಯಾಸ ಅಂತ ಆಗ ನನಗೆ ಗೊತ್ತಿರಲಿಲ್ಲ. ಹೊಸನಗರದ ಕಡೆ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಶಿವಮೊಗ್ಗದ ಹಾಸ್ಟೆಲ್‌ನಲ್ಲಿ ಗೈಡ್ ಪಕ್ಕಕ್ಕಿಟ್ಟುಕೊಂಡು ಒಂದೇ ರಾತ್ರಿಯಲ್ಲಿ ಮೂರು ಪುಟ ಬರೆದು ಮುಗಿಸಿದೆ. ಕವಿ 1874ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅಂತ ಶುರು, ಜನ ಹೋಗದ ದಾರಿ ಹಿಡಿಯುವವನೇ ಧೈರ್ಯವಂತ ಅಂತ ಕೊನೆ.

ವಾಪಸ್ ಬಂದಾಗ ಮಾರ್ಜಿನ್ ತುಂಬಾ ಕೆಂಪು ಇಂಕು. ಇಂಗ್ಲಿಷ್ ತಪ್ಪು ತಿದ್ದಿದ್ದು ಕಡಿಮೆ. ಐದಾರು ಕಡೆ ಒಂದೇ ಪ್ರಶ್ನೆ: ‘ಪದ್ಯದಲ್ಲಿ ಇದು ಎಲ್ಲಿದೆ?’ ತಿದ್ದಿ ಬರೆಯಲು ಹತ್ತು ದಿನ ಟೈಮ್ ಕೊಟ್ಟರು.

ಶನಿವಾರ ಊರಿಗೆ ಹೋದೆ. ಪದ್ಯವನ್ನು ಕೈಯಲ್ಲೇ ಬರೆದುಕೊಂಡೆ, ಸಾಲು ಸಾಲಿನ ನಡುವೆ ಎರಡು ಬೆರಳು ಜಾಗ ಬಿಟ್ಟು. ನಾನು ಹೇಳಿದ ಪ್ರತಿ ಮಾತಿಗೂ ಒಂದು ಸಾಲು ಹುಡುಕಬೇಕಿತ್ತು. ಎರಡನೇ ಚರಣಕ್ಕೆ ಬಂದಾಗ ಸಿಕ್ಕಿಬಿದ್ದೆ. ಈ ದಾರೀಲಿ ಹುಲ್ಲು ಜಾಸ್ತಿ, ಓಡಾಟ ಕಡಿಮೆ ಅಂತಾನೆ. ಮರುಕ್ಷಣವೇ, ನಿಜ ಹೇಳಬೇಕಂದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ದವು ಅಂತ ಮಾತು ತಿರುಗಿಸುತ್ತಾನೆ. ಮೂರನೇ ಚರಣದಲ್ಲಿ ಇನ್ನೂ ಖಚಿತ: ಆ ಬೆಳಿಗ್ಗೆ ಎರಡು ದಾರಿಯ ಮೇಲೂ ಎಲೆ ಬಿದ್ದಿತ್ತು, ಯಾರ ಹೆಜ್ಜೆಯೂ ಅದನ್ನು ತುಳಿದು ಕಪ್ಪು ಮಾಡಿರಲಿಲ್ಲ.

ಈ ‘ಕಪ್ಪು’ ನನಗೆ ಗೊತ್ತಿತ್ತು. ಬಸ್ ಸ್ಟಾಪಿನಿಂದ ನಮ್ಮನೆಗೆ ಬರುವ ಕಾಲುದಾರಿ ಕಾನಿನ (ಕಾಡಿನ) ಹತ್ತಿರ ಎರಡಾಗುತ್ತದೆ. ಎಲೆ ಉದುರುವ ಕಾಲದಲ್ಲಿ, ಜನ ಓಡಾಡುವ ಕಡೆ ದರಗೆಲೆ ಮಂಜಿಗೆ ನೆಂದು, ಕಾಲಿಗೆ ಸಿಕ್ಕಿ, ಕಪ್ಪಗೆ ಪುಡಿಯಾಗಿರುತ್ತದೆ. ಓಡಾಡದ ಕಡೆ ಕೊಟ್ಟಿಗೆಗೆ ಹಾಸಿದ ಹಾಗೆ ಉಬ್ಬಿಕೊಂಡಿರುತ್ತದೆ. ಪದ್ಯದಲ್ಲಿ ಎರಡೂ ಕಡೆ ಉಬ್ಬಿಕೊಂಡೇ ಇದೆ. ಹಾಗಾದರೆ ಕಡಿಮೆ ಜನ ನಡೆದ ದಾರಿ ಎಲ್ಲಿಂದ ಬಂತು? ಅದು ಬರುವುದು ಕೊನೆಯ ಚರಣದಲ್ಲಿ. ಎಷ್ಟೋ ವರ್ಷ ಆದಮೇಲೆ, ಕಡಿಮೆ ಜನ ನಡೆದ ದಾರಿಯನ್ನೇ ಹಿಡಿದೆ ಅಂತ ನಿಟ್ಟುಸಿರಿಟ್ಟು ಹೇಳುತ್ತೇನೆ ಅಂತ ಅವನೇ ಹೇಳುವಾಗ.

ರಾತ್ರಿ ಅಡಿಕೆ ಸುಲಿಯುತ್ತಾ ಅಮ್ಮನಿಗೆ ಪದ್ಯವನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಕೈ ನಿಲ್ಲಿಸದೇ ಕೇಳಿದಳು: “ಎರಡೂ ಒಂದೇ ಥರ ಇದ್ದಿದ್ರೆ ಇವನದ್ದೆಂಥ ಹೆಚ್ಚುಗಾರಿಕೆ ಮಾರಾಯ್ತಿ?”

ಅಲ್ಲಿಗೆ ಪ್ರಬಂಧ ಸಿಕ್ಕಿತು. ಆಯ್ಕೆ ಮಾಡಿದ್ದಕ್ಕಿಂತ, ಆಮೇಲೆ ಆ ಆಯ್ಕೆಯ ಬಗ್ಗೆ ಕಟ್ಟಿ ಹೇಳುವ ಕತೆಯೇ ಪದ್ಯದ ವಿಷಯ ಅಂತ ಮೊದಲು ಕನ್ನಡದಲ್ಲಿ ಒಂದು ವಾಕ್ಯ ಬರೆದೆ. ಅದನ್ನು ಇಂಗ್ಲಿಷಿಗೆ ತರಲು ಅರ್ಧ ದಿನ ಹಿಡಿಯಿತು. ಹಳೇ ಮೂರು ಪುಟದಲ್ಲಿ ಉಳಿದಿದ್ದು ನಾಲ್ಕು ವಾಕ್ಯ. ಹುಟ್ಟಿದ ಊರು, ಇಸವಿ ಎಲ್ಲ ಹೋಯಿತು. ಚರಣದಿಂದ ಚರಣಕ್ಕೆ ಹೋಗುವುದನ್ನು ಬಿಟ್ಟು, ಎಲೆಯ ಸಾಲಿನಿಂದಲೇ ಶುರು ಮಾಡಿದೆ. ‘ಕವಿ ಹೇಳಿದನು’ ಅಂತ ಇದ್ದ ಕಡೆಯೆಲ್ಲ ‘ನಿರೂಪಕ ಹೇಳುತ್ತಾನೆ’ ಅಂತ ವರ್ತಮಾನಕ್ಕೆ ತಿದ್ದಿದೆ.

ಕೊನೆಯ ಚರಣದ ಮೇಲೆ ಒಂದು ಇಡೀ ಪ್ಯಾರಾ ಬರೆದೆ. ಮೂರನೇ ಸಾಲು ‘ಐ’ ಅಂತ ಮುಗಿದು, ಪಕ್ಕದಲ್ಲೊಂದು ಅಡ್ಡಗೆರೆ. ನಾಲ್ಕನೇ ಸಾಲು ಮತ್ತೆ ‘ಐ’ ಅಂತಲೇ ಶುರು. ಜೋರಾಗಿ ಓದಿದರೆ ಅಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ, ಸುಳ್ಳು ಹೇಳೋಕೆ ಮುಂಚೆ ತಡವರಿಸುತ್ತೀವಲ್ಲ, ಹಾಗೆ. ನಿಟ್ಟುಸಿರಿನ ಬಗ್ಗೆಯೂ ಬರೆದೆ. ದುಃಖಕ್ಕೂ ನಿಟ್ಟುಸಿರೇ, ಸದ್ಯ ಮುಗೀತು ಅನ್ನುವುದಕ್ಕೂ ನಿಟ್ಟುಸಿರೇ. ಯಾವುದು ಅಂತ ಪದ್ಯ ಹೇಳುವುದಿಲ್ಲ, ನಾನೂ ತೀರ್ಮಾನ ಕೊಡಲಿಲ್ಲ.

ಲೈಬ್ರರಿಯಲ್ಲಿ ಇನ್ನೊಂದು ವಿಷಯ ಸಿಕ್ಕಿತ್ತು. ಇಂಗ್ಲೆಂಡಿನಲ್ಲಿ ಫ್ರಾಸ್ಟ್ ಜೊತೆ ವಾಕಿಂಗ್ ಹೋಗುತ್ತಿದ್ದ ಗೆಳೆಯ ಎಡ್ವರ್ಡ್ ಥಾಮಸ್, ಯಾವ ದಾರಿ ಹಿಡಿದರೂ ಇನ್ನೊಂದಕ್ಕೆ ಹೋಗಬೇಕಿತ್ತು ಅಂತ ಕೊರಗುತ್ತಿದ್ದನಂತೆ. ಅವನನ್ನು ಛೇಡಿಸಲು ಬರೆದ ಪದ್ಯವಂತೆ ಇದು. ಥಾಮಸ್ 1917ರಲ್ಲಿ ಯುದ್ಧದಲ್ಲಿ ಸತ್ತ. ಇದರಿಂದಲೇ ಶುರು ಮಾಡುವ ಆಸೆ ನನಗೆ. ಮೇಡಂ ಬೇಡ ಅಂದರು, ಈ ಕತೆ ಹೇಳಿದ ಮೇಲೆ ಪದ್ಯ ಯಾರು ಓದ್ತಾರೆ ಅಂತ. ಆಗ ಬೇಜಾರಾಯಿತು. ಕೊನೆಗೆ ಎರಡು ವಾಕ್ಯ ಮಾತ್ರ ಸೇರಿಸಿದೆ.

ಕೊಡುವ ಹಿಂದಿನ ರಾತ್ರಿ ಉದ್ಧರಣೆಗಳನ್ನು ಪುಸ್ತಕದ ಜೊತೆ ಒಂದೊಂದಾಗಿ ಹೋಲಿಸಿದೆ. ಎಲ್ಲ ಸರಿ ಇತ್ತು. ಸುಮ್ನೆ ಮೊದಲ ಪುಟ ತಿರುಗಿಸಿದರೆ, ಪದ್ಯದ ಹೆಸರೇ ತಪ್ಪು. ‘ದಿ ರೋಡ್ ಲೆಸ್ ಟ್ರಾವೆಲ್ಡ್’ (ಕಡಿಮೆ ಜನ ನಡೆದ ದಾರಿ) ಅಂತ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಫ್ರಾಸ್ಟ್ ಹೆಸರಿಟ್ಟಿದ್ದು ಹಿಡಿಯದೇ ಬಿಟ್ಟ ದಾರಿಗೆ. ನಾನು ಕತೆ ಹೇಳುವವನ ಮಾತು ನಂಬಿ ಹೆಸರು ಬದಲಾಯಿಸಿದ್ದೆ. ಆ ಪುಟ ಹರಿದು ಹಾಕಿ ಮತ್ತೆ ಬರೆಯಲು ಕೂತೆ.